ಇಪ್ಪತ್ತೊಂದನೆಯ ಬಾವಿ

ತಕ್ಕಡಿ ಬಂದ ಮೇಲೆ ಗುಂಬಜವಾಡಿಯ ಹುಸೇನಬಿಯ ಚಹಾದಂಗಡಿಯಲ್ಲಿ ಜಗಳವೆಂಬುದೇ ಸತ್ತುಹೋಗಿತ್ತು. ಹಿಂದೆ ಒಂದು ಕಪ್ ಚಹಾದ ಮೇಲೆ ಎರಡು ತಾಸು ವಾದ ನಡೆಯುತ್ತಿತ್ತು. ಯಾವ ಪಕ್ಷ ಗೆಲ್ಲುತ್ತದೆ, ಯಾವ ಊರಿನ ಮೆಣಸಿನಕಾಯಿ ಹೆಚ್ಚು ಖಾರ, ಸಕ್ಕರೆ ಕಾಯಿಲೆಗೆ ಹಾಗಲಕಾಯಿ ಮದ್ದೋ ಅಲ್ಲವೋ. ಈಗ ಒಬ್ಬ ಬಾಯಿ ತೆರೆದರೆ ಇನ್ನೊಬ್ಬ ಫೋನ್ ಎತ್ತಿ ತಕ್ಕಡಿಯನ್ನು ಕೇಳುತ್ತಾನೆ. ಅದು ನೂರಕ್ಕೆ ಇಷ್ಟು ಎಂದು ಒಂದು ಅಂಕಿ ಹೇಳುತ್ತದೆ. ಅಲ್ಲಿಗೆ ಮಾತು ಖಲಾಸ್. ಚಹಾ ಕುಡಿದು ಎದ್ದು ಹೋಗುವುದಷ್ಟೇ ಉಳಿಯಿತು.

ತಕ್ಕಡಿಯ ಕೆಲಸ ಹೇಳಲು ಸುಲಭ. ಯಾರು ಎಲ್ಲಿ ಏನು ಬರೆದರೂ ಆ ಯಂತ್ರ ಓದುತ್ತದೆ. ಒಂದು ಸಂಗತಿಯನ್ನು ಎಷ್ಟು ಮಂದಿ, ಬೇರೆ ಬೇರೆ ಮಾತಿನಲ್ಲಿ, ಬೇರೆ ಬೇರೆ ಕಾಲದಲ್ಲಿ ಬರೆದಿದ್ದಾರೆ ಎಂದು ಎಣಿಸುತ್ತದೆ. ಬರೆದವರ ಯೋಗ್ಯತೆ ನೋಡಿ ತೂಗುತ್ತದೆ. ಸುಳ್ಳು ಸುದ್ದಿಗೆ ಊರಿಗೆ ಊರೇ ಹೊತ್ತಿ ಉರಿದ ಕಾಲವೊಂದಿತ್ತಲ್ಲ, ಅದರಿಂದ ಬೇಸತ್ತ ಜನ ತಕ್ಕಡಿಯನ್ನು ತಲೆಯ ಮೇಲೆ ಹೊತ್ತು ಮೆರೆಸಿದರು. ಆಮೇಲೆ ಪ್ರಮಾಣ ಕಾಯಿದೆ ಬಂತು. ತೊಂಬತ್ತೈದು ದಾಟಿದ ಸಂಗತಿಗೆ ವಿರುದ್ಧವಾಗಿ ಯಾವ ಅಧಿಕಾರಿಯೂ ನಡೆಯುವಂತಿಲ್ಲ, ಯಾವ ಮಂತ್ರಿಯೂ ಮಾತಾಡುವಂತಿಲ್ಲ. ಮಂತ್ರಿಗಳಿಗೇನು, ಸಂತೋಷವೇ ಆಯಿತು. ಏನಾದರೂ ಕೆಟ್ಟರೆ ಬೆರಳು ತೋರಿಸಲು ಒಂದು ಜಾಗ ಸಿಕ್ಕಿತು.

ಆ ದಿನಗಳಲ್ಲಿ ತಕ್ಕಡಿಯನ್ನು ಒಪ್ಪದೆ ಗೊಣಗಿದವರು, ಗುಂಬಜವಾಡಿ ಸೇರಿದ ಸುಲ್ತಾನಕೋಟೆ ಊರಿನಲ್ಲಿ ಒಬ್ಬರೇ, ಕಾಲೇಜಿನ ಪ್ರೊಫೆಸರ್ ಭುವನೇಶ್ವರಿ ಮಸೂತಿ. ಅವರು ಕಲಿಸುವುದು ಗ್ರಂಥಸಂಪಾದನೆ. ಹಳೆಯ ಕಾವ್ಯವೊಂದರ ಹತ್ತು ಓಲೆಪ್ರತಿಗಳನ್ನು ಎದುರಿಗೆ ಹರಡಿಕೊಂಡು, ಕವಿ ನಿಜವಾಗಿ ಬರೆದದ್ದು ಏನೆಂದು ಹುಡುಕುವ ವಿದ್ಯೆ ಅದು. ಅದಲ್ಲದೆ ಅವರಿಗೆ ಇನ್ನೊಂದು ಚಟ. ಇಪ್ಪತ್ತಾರು ವರ್ಷದಿಂದ ಅಂತರ್ಜಾಲದಲ್ಲಿ ‘ಇವತ್ತು ಸಿಕ್ಕಿದ್ದು’ ಎಂಬ ಪುಟ ಬರೆಯುತ್ತಿದ್ದರು. ಒಂದು ದಿನ ಫಿನ್ಲೆಂಡಿನ ಅಜ್ಜಿಯೊಬ್ಬಳು ಉಲ್ಲನ್ನಿನಲ್ಲಿ ಹೆಣೆದ ಊರಿನ ನಕಾಶೆ, ಮರುದಿನ ವಿಧಾನಸಭೆಯಲ್ಲಿ ಆಕಳಿಸಿದವರ ಪಟ್ಟಿ, ಅದರ ಮರುದಿನ ಯಾವುದೋ ಹಳೆ ಬಳೆ ಅಂಗಡಿಯ ಜಾಹೀರಾತು. ತಕ್ಕಡಿ ಬಂದ ದಿನ ಅವರು ಬರೆದದ್ದು ಎರಡೇ ಸಾಲು: ‘ತಕ್ಕಡಿಗೆ ತೂಗಲು ಬರುತ್ತದೆ. ಕಾಳು ಯಾವುದು, ಕಲ್ಲು ಯಾವುದು ಎಂದು ನೋಡಲು ಬರುವುದಿಲ್ಲ.’ ಅದನ್ನು ಓದಿದವರು ಹನ್ನೊಂದು ಜನ.

ಮಾಘದ ಒಂದು ಬೆಳಿಗ್ಗೆ ಭುವನೇಶ್ವರಿಯವರ ಗಂಡ ಶ್ರೀಶೈಲಪ್ಪ ರೊಟ್ಟಿ ತಟ್ಟುತ್ತಿದ್ದರು. ಅವರು ಕರೆಂಟ್ ಇಲಾಖೆಯ ನಿವೃತ್ತ ಲೈನ್‌ಮನ್. ಕಂಬ ಹತ್ತಿದ ಕೈಗೆ ರೊಟ್ಟಿ ಯಾವ ಲೆಕ್ಕ ಎನ್ನುವ ಮನುಷ್ಯ. ಆಗ ಹುಸೇನಬಿ ಬಂದು ಹೊಸ್ತಿಲಲ್ಲೇ ಕೂತುಬಿಟ್ಟಳು. ಕೈಯಲ್ಲಿ ಕೆಂಪು ಮೊಹರಿನ ಕಾಗದ.

"ಅಕ್ಕಾರ, ಹದಿನೈದು ದಿನದಾಗ ವಾಡಿ ಖಾಲಿ ಮಾಡ್ರಿ ಅಂತ ಚೀಟಿ ಹಚ್ಯಾರ. ಒಂಬತ್ತುನೂರು ಮನಿ. ನಮ್ಮ ಕಾಲಕೆಳಗ ನೆಲಾನ ಇಲ್ಲಂತ್ರಿ."

"ನೆಲ ಇಲ್ಲಂದ್ರ?"

"ಸುರಂಗ ಕುಸದೈತಂತ. ಇವತ್ತಿಲ್ಲ ನಾಳೆ ವಾಡಿ ಪೂರಾ ಒಳಗ ಹೋಗತೈತಂತ. ತಕ್ಕಡಿ ತೊಂಬತ್ತೆಂಟು ಅಂದೈತಿ. ನಮ್ಮ ಅಜ್ಜಿ ಹುಟ್ಟಿದ್ದು ಅಲ್ಲೇ, ನಾ ಹುಟ್ಟಿದ್ದು ಅಲ್ಲೇ. ಎಲ್ಲಿಗಿ ಹೋಗೂದ್ರಿ?"

ಗುಂಬಜವಾಡಿಯ ಕೆಳಗೆ ಸುಲ್ತಾನರ ಕಾಲದ ನೀರಿನ ಸುರಂಗವೊಂದಿದೆ. ಗುಡ್ಡದಿಂದ ಕೋಟೆಯವರೆಗೆ ನೆಲದೊಳಗೇ ನೀರು ಹರಿಯುವ ದಾರಿ. ಗಾಳಿ ಬೆಳಕಿಗೆಂದು ಉದ್ದಕ್ಕೂ ಸಾಲಾಗಿ ಬಾವಿ ತೋಡಿದ್ದಾರೆ. ಅಂಕಿ ತೊಂಬತ್ತೈದು ದಾಟಿದ ವರ್ಷವೇ ಎಲ್ಲ ಬಾವಿಗಳಿಗೂ ಕಬ್ಬಿಣದ ಮುಚ್ಚಳ ಬೆಸೆದಿದ್ದರು. ಬಗ್ಗಿ ನೋಡುವುದೂ ಅಪರಾಧ.

ಭುವನೇಶ್ವರಿ ಕನ್ನಡಕ ಏರಿಸಿ ತಕ್ಕಡಿಯ ವರದಿ ತೆರೆದರು. ಸುರಂಗ ಕುಸಿದಿದೆ ಎಂದು ಹೇಳುವ ಮೂಲಗಳು ನಾನೂರ ಹನ್ನೆರಡು. ಪತ್ರಿಕೆಗಳು, ಪ್ರವಾಸಿ ಪುಸ್ತಕಗಳು, ಇಂಜಿನಿಯರುಗಳ ಪ್ರಬಂಧಗಳು, ಯಂತ್ರಗಳೇ ಬರೆದ ಇತಿಹಾಸಗಳು. ಒಂದೊಂದನ್ನೇ ಓದುತ್ತ ಹೋದರು. ಹದಿನೇಳನೆಯದರಲ್ಲಿ ‘ಇಪ್ಪತ್ತೊಂದು ಬಾವಿಗಳಿರುವ ಈ ಸುರಂಗ’ ಎಂದಿತ್ತು. ಹದಿನೆಂಟನೆಯದರಲ್ಲೂ ಇಪ್ಪತ್ತೊಂದು. ಮುಂದೆ ‘ಸುಪ್ರಸಿದ್ಧ ಬುತ್ತಿ ಬಾವಿ’ ಎಂದು ಕಂಡಾಗ ಅವರ ಕೈ ನಿಂತುಹೋಯಿತು.

"ರೀ, ಇಲ್ಲಿ ಬರ್ರಿ" ಎಂದರು. ದನಿ ಸಣ್ಣಗಾಗಿತ್ತು.

ಶ್ರೀಶೈಲಪ್ಪ ಹಿಟ್ಟಿನ ಕೈಯಲ್ಲೇ ಬಂದು ಬಗ್ಗಿ ಓದಿದರು. ಓದಿ ನಕ್ಕರು. ಹೆಂಡತಿಯ ಮುಖ ನೋಡಿ ನಗು ನಿಲ್ಲಿಸಿದರು.

ಇಪ್ಪತ್ತೆರಡು ವರ್ಷದ ಹಿಂದಿನ ಮಾತು. ಒಂದು ಭಾನುವಾರ ಗಂಡನ ಬೈಕಿನ ಹಿಂದೆ ಕೂತು ಭುವನೇಶ್ವರಿ ಆ ಬಾವಿಗಳನ್ನು ನೋಡಲು ಹೋಗಿದ್ದರು. ಎಂಟನೆಯ ಬಾವಿಗೆ ಕಲ್ಲು ಒಗೆದರೆ ನೀರಿನ ಸಪ್ಪಳ ಬರಲಿಲ್ಲ. ಹತ್ತನೆಯದರ ಕಟ್ಟೆಯ ಮೇಲೆ ಬುತ್ತಿ ಬಿಚ್ಚಿ ಉಂಡರು, ಉಂಡ ಮೇಲೆ ಶ್ರೀಶೈಲಪ್ಪ ಒಂದು ನಿದ್ದೆ ಹೊಡೆದರು. ಎದ್ದು ಮತ್ತೆ ಎಣಿಕೆ ಹಿಡಿದಾಗ ಅದೇ ಬಾವಿಯನ್ನು ಹನ್ನೊಂದು ಎಂದು ಎಣಿಸಿದ್ದು ಇಬ್ಬರಿಗೂ ತಿಳಿಯಲಿಲ್ಲ. ಇರುವುದು ಇಪ್ಪತ್ತೇ ಬಾವಿ. ಪುಟದಲ್ಲಿ ಇಪ್ಪತ್ತೊಂದು ಎಂದು ಬರೆದರು, ಉಂಡ ಜಾಗಕ್ಕೆ ತಮಾಷೆಗೆ ‘ಬುತ್ತಿ ಬಾವಿ’ ಎಂದು ಹೆಸರಿಟ್ಟರು, ಎಂಟನೆಯ ಬಾವಿಯ ಕೆಳಗೆ ಸುರಂಗ ಕುಸಿದಿದ್ದರೂ ಕುಸಿದಿರಬಹುದು ಎಂದು ಒಂದು ಊಹೆ ಸೇರಿಸಿದರು. ಎರಡು ತಿಂಗಳ ಮೇಲೆ ಎಣಿಕೆ ತಪ್ಪಿದ್ದು ಗೊತ್ತಾಗಿ ಕೆಳಗೊಂದು ತಿದ್ದುಪಡಿ ಹಾಕಿದರು. ಅದನ್ನು ಮಂಗಳೂರಿನ ಒಬ್ಬ ಓದುಗ ಮೆಚ್ಚಿದ. ಬೇರೆ ಯಾರೂ ನೋಡಲಿಲ್ಲ.

"ಸಪ್ಪಳ ಹೆಂಗ ಬರಬೇಕ್ರಿ?" ಎಂದಳು ಹುಸೇನಬಿ, ಕಥೆ ಕೇಳಿ. "ಆ ವರ್ಷ ನಮ್ಮ ಆಡು ಎಂಟನೇ ಬಾವ್ಯಾಗ ಬಿದ್ದಿತ್ತು. ಮತ್ತ ಬೀಳಬಾರದಂತ ನಮ್ಮಪ್ಪ ಬಾವಿ ಒಳಗ ಅಡ್ಡ ಹೊರಸಿನ ಮಂಚ ಇಳಿಸಿ, ಮ್ಯಾಲೆ ಜ್ವಾಳದ ಕಣಕಿ ತುಂಬಿದ್ದ. ನಿಮ್ಮ ಕಲ್ಲು ಕಣಕಿ ಮ್ಯಾಲೆ ಮಲಗಿತ್ತು. ಮರುವರ್ಷ ಅದನ್ನೆಲ್ಲಾ ತಗದ್ವಿ."

ಭುವನೇಶ್ವರಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಒಂದು ಆಡು, ಒಂದು ಹೊರಸು, ತಮ್ಮ ಒಂದು ಭಾನುವಾರದ ಹುಡುಗಾಟ. ಅದಕ್ಕೆ ಒಂಬತ್ತುನೂರು ಮನೆ ಬೀದಿಗೆ ಬೀಳುವುದೆಂದರೆ.

"ನಾನ ಬರದದ್ದು, ನಾನ ತಪ್ಪು ಅಂತ ಹೇಳತೀನಿ. ಮುಗೀತಲ್ಲ" ಎಂದು ಎದ್ದರು.

ಮುಗಿಯಲಿಲ್ಲ. ತಕ್ಕಡಿ ಭವನದ ನಿಯಂತ್ರಣ ಕೋಣೆಯಲ್ಲಿ ಗೋಡೆ ತುಂಬ ಪರದೆ, ಮೂಳೆಗೆ ಹತ್ತುವ ತಂಪು. ಜಿಲ್ಲೆಯ ತಕ್ಕಡಿಯನ್ನು ನೋಡಿಕೊಳ್ಳುವ ಇಂಜಿನಿಯರ್ ರೆಹನಾ ಇನಾಮದಾರ ಒಂದು ಕಾಲಕ್ಕೆ ಅವರ ವಿದ್ಯಾರ್ಥಿನಿ, ಗ್ರಂಥಸಂಪಾದನೆಯಲ್ಲಿ ಮೂವತ್ತಾರು ಅಂಕ ತೆಗೆದು ಹೇಗೋ ದಾಟಿದವಳು. ಮೇಡಂಗೆ ಕುರ್ಚಿ ಎಳೆದು ಕೂರಿಸಿ, ಅವರ ಹೇಳಿಕೆಯನ್ನು ಯಂತ್ರಕ್ಕೆ ಕೊಟ್ಟಳು. ಪರದೆಯ ಮೇಲೆ ಅಂಕಿ ಮಿನುಗಿತು: ಎರಡು.

"ಎರಡು ಅಂದ್ರ ಏನವಾ?"

"ನೂರಕ್ಕೆ ಎರಡು, ಮೇಡಂ. ನಿಮ್ಮ ಮಾತು ನಿಜ ಇರೋ ಸಾಧ್ಯತೆ ಅಷ್ಟು. ಸುರಂಗ ಕುಸಿದೈತಿ ಅನ್ನೋರು ನಾನೂರ ಹನ್ನೆರಡು ಮಂದಿ, ಇಲ್ಲ ಅನ್ನೋರು ನೀವೊಬ್ಬರ."

"ಅವರೆಲ್ಲ ನನ್ನದ ನೋಡಿ ಬರದಾರ. ಬರದಾಕಿ ಎದುರಿಗೆ ಕುಂತು ಸುಳ್ಳು ಅನ್ನಾಕತ್ತೀನಿ."

"ಅದು ನನಗ ತಿಳೀತೈತಿ, ಯಂತ್ರಕ್ಕ ತಿಳಿಯಂಗಿಲ್ಲ. ಒಂದೊಂದೂ ಬ್ಯಾರೆ ಮಾತಿನಾಗ ಐತಿ, ಬ್ಯಾರೆ ವರ್ಷದ್ದು. ಮಾತು ಬದಲಿಸಿ ಬರಿಯೋ ಯಂತ್ರ ಮನಿಮನಿಗೆ ಅದಾವ. ನಕಲು ಅಂತ ಹೆಂಗ ಹಿಡಿಯೂದು?"

ಒಂದೇ ದಾರಿ ಇದೆ ಎಂದು ರೆಹನಾ ಹೇಳಿದಳು. ಬಂಧು ಅರ್ಜಿ. ಅಂಗಡಿಯವನೂ ಅವನ ಭಾವಮೈದುನನೂ ಸೇರಿ ಒಂದೇ ಸುಳ್ಳನ್ನು ಎರಡು ಸಾಕ್ಷಿ ಮಾಡದಿರಲಿ ಎಂದು ಕಾಯಿದೆಯಲ್ಲಿಟ್ಟ ಒಂದು ನಮೂನೆ. ಎರಡು ಮೂಲಗಳು ಒಂದೇ ಬುಡದವೆಂದು ಸಾಬೀತು ಮಾಡಿದರೆ ತಕ್ಕಡಿ ಅವನ್ನು ಒಂದೇ ಎಂದು ಎಣಿಸುತ್ತದೆ. ಆದರೆ ಪ್ರತಿಯೊಂದನ್ನೂ ಸಾಬೀತು ಮಾಡಬೇಕು. ಇಲ್ಲಿಯತನಕ ಯಾರೂ ಆರು ಮೂಲ ದಾಟಿಲ್ಲ.

"ಇನ್ನೊಂದು ಮಾತು, ಮೇಡಂ" ಎಂದು ರೆಹನಾ ತಲೆ ತಗ್ಗಿಸಿದಳು. "ಜನರ ಜೀವಕ್ಕ ಸಂಬಂಧಪಟ್ಟ ತಪ್ಪು ನಿಮ್ಮದ ಅಂತ ಸಾಬೀತಾದ್ರ ನಿಮ್ಮ ಯೋಗ್ಯತೆ ಸೊನ್ನೆ ಆಗತೈತಿ. ನೀವು ಸಂಪಾದಿಸಿದ ನಾಲ್ಕು ಪುಸ್ತಕ, ಇಪ್ಪತ್ತಾರು ವರ್ಷದ ಪುಟ, ಎಲ್ಲಾದರ ಮ್ಯಾಲೂ ‘ನಂಬಲು ಯೋಗ್ಯವಲ್ಲ’ ಅಂತ ಮೊಹರು ಬೀಳತೈತಿ. ಅದು ಮತ್ತ ಏಳಂಗಿಲ್ಲ."

ಮನೆಗೆ ಬಂದು ಭುವನೇಶ್ವರಿ ಉಣ್ಣದೆ ಕೂತರು. ನಾಲ್ಕು ಪುಸ್ತಕಕ್ಕೆ ಮೂವತ್ತು ವರ್ಷ ಕಣ್ಣು ಸವೆಸಿದ್ದರು. ಒಂದು ಓಲೆಪ್ರತಿಗಾಗಿ ಮಠವೊಂದರ ಜಗಲಿಯಲ್ಲಿ ಹನ್ನೊಂದು ದಿನ ಕಾದಿದ್ದರು. ಮಕ್ಕಳಿಲ್ಲದ ಮನೆಯಲ್ಲಿ ಆ ಪುಸ್ತಕಗಳೇ ಅವರ ಸಂಸಾರ. ಅದರ ಹಣೆಯ ಮೇಲೆ ತಾವೇ ಮೊಹರು ಒತ್ತಬೇಕೆಂದರೆ ಹೊಟ್ಟೆ ಉರಿಯದೆ ಇದ್ದೀತೆ? ಉರಿಯಿತು. ಅತ್ತರು ಕೂಡ.

ಶ್ರೀಶೈಲಪ್ಪ ಸಮಾಧಾನ ಹೇಳುವ ಜಾತಿಯವರಲ್ಲ. ತಾಟಿಗೆ ರೊಟ್ಟಿ, ಬದನೆಕಾಯಿ ಎಣಗಾಯಿ ಹಾಕಿ ಮುಂದಿಟ್ಟರು. ವರದಿಯ ಹಾಳೆ ಎತ್ತಿಕೊಂಡು ಒಂದೊಂದೇ ಓದಿ ಕಾಡಿಸತೊಡಗಿದರು.

"ಕೇಳಿಲ್ಲಿ. ‘ಬುತ್ತಿ ಬಾವಿಯ ಬಳಿ ಸುಲ್ತಾನನ ಸೈನ್ಯ ಬುತ್ತಿ ಉಣ್ಣುತ್ತಿತ್ತು.’ ಇವ ಇನ್ನೊಬ್ಬ, ‘ಬೇಗಂ ಸಾಹೇಬರು ಪ್ರತಿ ಶುಕ್ರವಾರ ಇಲ್ಲಿ ಬಡವರಿಗೆ ಬುತ್ತಿ ಹಂಚುತ್ತಿದ್ದರು.’ ಲೇ ಭುವೀ, ನಾ ಅಲ್ಲಿ ಗೊರಕಿ ಹೊಡದದ್ದು ಯಾರೂ ಬರದಿಲ್ಲ ನೋಡು. ಮಂದಿ ಎಂಥಾ ಮಳ್ಳರು. ತಪ್ಪು ಮಾಡಾಕ ಸಾವಿರ ದಾರಿ ಇದ್ದಾವು, ಎಲ್ಲಾರೂ ಒಂದ ಥರ ತಪ್ಪು ಮಾಡ್ಯಾರ."

ಭುವನೇಶ್ವರಿ ಬಾಯಿಗೆ ಒಯ್ದ ತುತ್ತನ್ನು ಹಾಗೇ ಹಿಡಿದುಕೊಂಡರು.

ಎಂ.ಎ. ಮೊದಲನೆಯ ವರ್ಷ ಅವರ ಗುರುಗಳಾದ ಕಾಡಸಿದ್ಧಯ್ಯನವರು ಪಾಠ ಶುರು ಮಾಡಿದ್ದೇ ಈ ಮಾತಿನಿಂದ. ಹತ್ತು ಓಲೆಪ್ರತಿಗಳಲ್ಲಿ ಯಾವುದರಿಂದ ಯಾವುದು ಹುಟ್ಟಿತೆಂದು ತಿಳಿಯಬೇಕಾದರೆ ಸರಿ ಇರುವುದನ್ನು ನೋಡಬೇಡ, ತಪ್ಪನ್ನು ನೋಡು. ನಿಜ ಹೇಳುವವರೆಲ್ಲ ಒಂದೇ ಮಾತು ಹೇಳಬಹುದು, ಅದರಲ್ಲಿ ಅತಿಶಯವೇನಿಲ್ಲ. ಆದರೆ ಹತ್ತು ಮಂದಿ ಒಂದೇ ಜಾಗದಲ್ಲಿ ಒಂದೇ ಥರ ಎಡವಿದರೆ ಅವರೆಲ್ಲ ಒಬ್ಬನ ಬೆನ್ನಿಗೆ ನಡೆದವರು. ಆ ವಿದ್ಯೆಯನ್ನು ಮೂವತ್ತು ವರ್ಷ ಸತ್ತ ಕವಿಗಳ ಮೇಲೆ ಪ್ರಯೋಗಿಸಿದವರಿಗೆ, ಬದುಕಿರುವ ತಮ್ಮ ಮೇಲೇ ಪ್ರಯೋಗಿಸಬಹುದೆಂದು ಹೊಳೆದಿರಲಿಲ್ಲ.

"ಸುಮ್ಮನ ಓದ್ರಿ" ಎಂದರು. "ಮೊದಲನೇದರಿಂದ ಓದ್ರಿ. ನಾ ಬರಕೋತೀನಿ."

ಒಂಬತ್ತು ದಿನ ಅದೇ ಕೆಲಸ. ಬೆಳಿಗ್ಗೆ ರೊಟ್ಟಿ ಮುಗಿದ ಮೇಲೆ ಶ್ರೀಶೈಲಪ್ಪ ಕೂತು ಓದುವರು, ಭುವನೇಶ್ವರಿ ನೆಲದ ಮೇಲೆ ಹಾಸಿದ ಉದ್ದನೆಯ ಕಾಗದದಲ್ಲಿ ಗೆರೆ ಎಳೆಯುವರು. ಇಪ್ಪತ್ತೊಂದು ಬಾವಿ ಎಂದವರು ಒಂದು ಟೊಂಗೆ. ಬುತ್ತಿ ಬಾವಿಗೆ ಸೈನ್ಯ ತಂದವರು ಅದರಲ್ಲೊಂದು ಕವಲು. ಸೈನ್ಯ ಬಿಟ್ಟು ಬೇಗಂ ಸಾಹೇಬರನ್ನು ಹಿಡಿದವರು ಇನ್ನೊಂದು ಕವಲು. ಊಹೆಯನ್ನು ಮೊದಲು ನಿಜ ಮಾಡಿದವನು ಒಬ್ಬ ಪ್ರವಾಸಿ ಲೇಖಕ, ಅವನಿಂದ ಇಂಜಿನಿಯರು, ಇಂಜಿನಿಯರನಿಂದ ಪತ್ರಿಕೆ, ಪತ್ರಿಕೆಯಿಂದ ಯಂತ್ರ, ಯಂತ್ರದಿಂದ ಮುನ್ನೂರು ಮರಿ. ಮಧ್ಯಾಹ್ನದ ಚಹಾಕ್ಕೆ ಹುಸೇನಬಿ ಬಂದು ಕಾಗದದ ಸುತ್ತ ಒಂದು ಸುತ್ತು ಹಾಕಿ, "ಇದು ನಮ್ಮ ವಾಡಿ ಮಂದಿ ವಂಶಕ್ಕಿಂತ ದೊಡ್ಡದು ಆತು" ಎನ್ನುವಳು. ನಾನೂರ ಹನ್ನೆರಡೂ ಮರದ ಮೇಲೆ ಕೂತವು. ಬುಡದಲ್ಲಿ ಒಂದೇ ಹೆಸರು, ಭುವನೇಶ್ವರಿ ಮಸೂತಿ.

ಆದರೆ ಒಂದು ಗಂಟು ಉಳಿಯಿತು. ಇಪ್ಪತ್ತೊಂದು ಎಂಬುದು ತಪ್ಪೆಂದು ತೋರಿಸಬೇಕಲ್ಲ? ಅದು ಸರಿಯಾದ ಎಣಿಕೆಯಾದರೆ ಎಲ್ಲರೂ ಎಣಿಸಿ ಬರೆದಿದ್ದಾರೆ ಎಂದು ಯಂತ್ರ ಹೇಳುತ್ತದೆ. ಹೋಗಿ ಎಣಿಸಿ ಬಂದರೆ ಅದೂ ಭುವನೇಶ್ವರಿಯ ಮಾತೇ, ನೂರಕ್ಕೆ ಎರಡು.

"ಅವರ ಎಣಸ್ಯಾರಲ್ರಿ" ಎಂದಳು ಹುಸೇನಬಿ. "ಮುಚ್ಚಳ ಹಾಕಾಕ ಬಂದಾಗ ಒಂದೊಂದರ ಮುಂದ ನಿಂತು ಫೋಟೋ ತಗದು, ನಂಬರ್ ಬರದು ಹೋಗ್ಯಾರ. ಒಂದರಿಂದ ಇಪ್ಪತ್ತು. ದಿನಾ ನಾ ಅವರಿಗಿ ಚಹಾ ಕೊಟ್ಟಿಲ್ಲೇನು?"

ಭುವನೇಶ್ವರಿ ಹುಸೇನಬಿಯ ಎರಡೂ ಕೈ ಹಿಡಿದುಕೊಂಡರು. ನಾನೂರು ಮಂದಿಯಲ್ಲಿ ಯಾರನ್ನೂ ನೋಡಿ ಬರೆಯದ ಸಾಕ್ಷಿ ಒಂದೇ, ವಾಡಿಯನ್ನು ಮುಚ್ಚಲು ಬಂದವರ ಮುಚ್ಚಳ.

ಹದಿಮೂರನೆಯ ದಿನ ವಿಚಾರಣೆ. ಜಿಲ್ಲೆಯ ಪ್ರಮಾಣ ಆಯುಕ್ತರು ಕಲಕೇರಿ ಎಂಬುವರು, ನಿಧಾನಸ್ಥರು, ತಾವಾಗಿ ಏನನ್ನೂ ತೀರ್ಮಾನಿಸಿ ವರ್ಷಗಳೇ ಆಗಿದ್ದವು. ಎಂಟು ಅಡಿ ಉದ್ದದ ಕಾಗದ ಮೇಜಿನ ಮೇಲೆ ಬಿಚ್ಚಿಕೊಂಡಾಗ ಅವರು ಕುರ್ಚಿ ಹಿಂದೆ ಸರಿಸಿದರು.

"ಇದರಿಂದ ನಿಮಗೇ ಧಕ್ಕೆ ಅಲ್ರಿ, ಪ್ರೊಫೆಸರ್? ಇನ್ನೂ ವಿಚಾರ ಮಾಡಬಹುದು."

"ವಿಚಾರ ಮಾಡೇ ಬಂದೀನ್ರಿ ಸರ್. ನನ್ನ ಪುಸ್ತಕ ಕಪಾಟಿನಾಗ ಇರತಾವ. ವಾಡಿ ಮಂದಿ ಎಲ್ಲಿರಬೇಕು?"

ಅವರು ಸಹಿ ಹಾಕಿದರು. ಕಾಗದವನ್ನು ರೆಹನಾಳ ಕಡೆ ಸರಿಸಿದರು. ರೆಹನಾ ಮರದ ಒಂದೊಂದು ಗೆರೆಯನ್ನೂ, ಇಪ್ಪತ್ತು ಮುಚ್ಚಳಗಳ ಫೋಟೋಗಳನ್ನೂ ಯಂತ್ರಕ್ಕೆ ತಿನ್ನಿಸಿದಳು. ಒಬ್ಬರನ್ನೊಬ್ಬರು ನೋಡದ ನಾನೂರು ಮಂದಿ ಇಪ್ಪತ್ತು ಬಾವಿಯನ್ನು ಇಪ್ಪತ್ತೊಂದೆಂದು ಎಣಿಸುವ ಸಾಧ್ಯತೆ ಎಷ್ಟು ಎಂದು ಯಂತ್ರ ಲೆಕ್ಕ ಹಾಕತೊಡಗಿತು. ಪರದೆಯ ಮೇಲೆ ತೊಂಬತ್ತೆಂಟು ಬಹಳ ಹೊತ್ತು ಅಲುಗದೆ ನಿಂತಿತ್ತು. ಆಮೇಲೆ ತೊಂಬತ್ತೊಂದು. ಎಪ್ಪತ್ತು. ನಲವತ್ತು ದಾಟುವಾಗ ಆಯುಕ್ತರು ಎದ್ದು ನಿಂತಿದ್ದರು. ಅಂಕಿ ನಾಲ್ಕಕ್ಕೆ ಬಂದು ನಿಂತಿತು.

ಮಗ್ಗುಲಿನ ಪರದೆಯಲ್ಲಿ ಇನ್ನೊಂದು ಅಂಕಿಯೂ ಇಳಿಯುತ್ತಿತ್ತು. ಭುವನೇಶ್ವರಿ ಮಸೂತಿ, ಯೋಗ್ಯತೆ: ಸೊನ್ನೆ. ಆ ಕಡೆ ಅವರು ನೋಡಲೇ ಇಲ್ಲ.

"ಐವತ್ತರ ಕೆಳಗ ಇಳಿದ್ರ ಕಾಯಿದೆ ಏನು ಹೇಳತೈತವಾ?" ಎಂದು ಆಯುಕ್ತರು ಕೇಳಿದರು. ಅವರಿಗೆ ಅದು ಮರೆತೇಹೋಗಿತ್ತು.

"ಹೋಗಿ ಕಣ್ಣಿಂದ ನೋಡಬೇಕು ಅಂತ ಐತ್ರಿ ಸರ್" ಎಂದಳು ರೆಹನಾ. ಆಮೇಲೆ ಮೇಡಂ ಕಡೆ ತಿರುಗಿ, "ನೀವು ಕಲಿಸಿದ್ದು ಇದ ಪಾಠ. ನಾ ಮೂವತ್ತಾರು ತಗೊಂಡಿದ್ದೆ" ಎಂದಳು.

"ಇವತ್ತು ನೂರು ಕೊಟ್ಟೆ, ಹೋಗು. ನನ್ನ ಅಂಕಕ್ಕ ಈಗ ಕಿಮ್ಮತ್ತಿಲ್ಲ, ಆದರೂ ಇಟಗೋ."

ಮರುದಿನ ಬೆಳಿಗ್ಗೆ ಇಪ್ಪತ್ತು ಮುಚ್ಚಳಗಳನ್ನೂ ಕತ್ತರಿಸಿ ತೆಗೆದರು. ಸುರಂಗದೊಳಗೆ ಕ್ಯಾಮೆರಾ ಇಳಿಸಲು ರಾಜಧಾನಿಯಿಂದ ತಂಡ ಬರಬೇಕು, ವಾರವಾಗುತ್ತದೆ ಎಂದರು ಆಯುಕ್ತರು. ವಾಡಿಯ ಹೆಂಗಸರು ಕಾಯಲಿಲ್ಲ. ಹುಸೇನಬಿ ಒಂದು ಚೀಲ ಶೇಂಗಾ ಸಿಪ್ಪಿಗೆ ಸುಣ್ಣದ ನೀರು ಎರಚಿ ಒಣಗಿಸಿಟ್ಟಿದ್ದಳು. ಬೆಳ್ಳಗೆ ಕಾಣಬೇಕು, ತೇಲಬೇಕು. ಪ್ರತಿ ಬಾವಿಯ ಬಾಯಿಗೆ ಒಬ್ಬೊಬ್ಬಳು ಕನ್ನಡಿ ಹಿಡಿದು ನಿಂತು ಬಿಸಿಲನ್ನು ಕೆಳಗೆ ಬಿಟ್ಟಳು. ಗುಡ್ಡದ ಬುಡದ ಮೊದಲನೆಯ ಬಾವಿಗೆ ಹುಸೇನಬಿ ಚೀಲ ಸುರುವಿದಳು.

"ಒಂದು" ಎಂದು ಕೂಗಿದಳು.

ಕಾಲು ತಾಸಿಗೆ ಮುಂದಿನ ಬಾವಿಯಿಂದ ಕೂಗು ಬಂತು: ಎರಡು. ಆಮೇಲೆ ಮೂರು, ನಾಲ್ಕು. ಭುವನೇಶ್ವರಿ ಕೂಗಿನ ಜೊತೆಗೇ ಬಾವಿಯಿಂದ ಬಾವಿಗೆ ನಡೆದರು, ಹಿಂದೆ ಶ್ರೀಶೈಲಪ್ಪ, ಆಯುಕ್ತರು, ಅರ್ಧ ವಾಡಿ. ಎಂಟು ಎಂಬ ಕೂಗು ಕೇಳಿದ ಮೇಲೆ ಎಲ್ಲರೂ ಒಂಬತ್ತನೆಯ ಬಾವಿಯ ಸುತ್ತ ನಿಂತರು. ಎಂಟರ ಕೆಳಗೆ ಕುಸಿದಿದೆ ಎಂದು ನಾನೂರ ಹನ್ನೆರಡು ಮಂದಿ ಬರೆದ ಜಾಗ ದಾಟಿದರೆ ಮಾತ್ರ ಸಿಪ್ಪಿ ಇಲ್ಲಿಗೆ ಬರಬೇಕು. ಕಾಲು ತಾಸಾಯಿತು. ಅರ್ಧ ತಾಸಾಯಿತು. ನಾಲ್ಕು ಎಂಬುದು ಸೊನ್ನೆಯಲ್ಲ ಎಂದು ಭುವನೇಶ್ವರಿಗೆ ಆಗ ಮೊದಲ ಸಲ ಅನಿಸಿತು. ತಾವು ಎರಡನೆಯ ಸಲವೂ ತಪ್ಪಿದ್ದರೆ?

ಕನ್ನಡಿ ಹಿಡಿದ ಮುದುಕಿ ಬಗ್ಗಿದಳು. "ತಡೀರಿ" ಎಂದಳು. "ಬಂತು. ಒಂದು ಸಿಪ್ಪಿ ಬಂತು. ಹಿಂದ ಹಿಂಡ ಬರಾಕತ್ತೈತಿ. ಒಂಬತ್ತು, ಯವ್ವಾ, ಒಂಬತ್ತು."

ಒಂಬತ್ತುನೂರು ಮನೆಯ ಜನ ಒಟ್ಟಿಗೆ ಹಾಕಿದ ಕೇಕೆಗೆ ಕೋಟೆಯ ಪಾರಿವಾಳಗಳೆಲ್ಲ ಎದ್ದು ಹಾರಿದವು. ಹುಸೇನಬಿ ಭುವನೇಶ್ವರಿಯನ್ನು ತಬ್ಬಿಕೊಂಡು ಅತ್ತಳು. ಆಯುಕ್ತ ಕಲಕೇರಿಯವರು ಚಪ್ಪಲಿ ಬಿಟ್ಟು ಕಟ್ಟೆಯ ಮೇಲೆ ಬೋರಲಾಗಿ ಮಲಗಿ ತಾವೇ ಕಣ್ಣಿಂದ ನೋಡಿದರು. ನೋಡಿ ಎದ್ದವರ ಮುಖ ಹೊಸ ಮನುಷ್ಯನ ಹಾಗಿತ್ತು. ಹತ್ತನೆಯ ಬಾವಿಯ ಹತ್ತಿರ ಶ್ರೀಶೈಲಪ್ಪ ಹಳೆಯ ಕಟ್ಟೆಯನ್ನು ತಟ್ಟಿ, "ಇಲ್ಲೇ ಬೇಗಂ ಸಾಹೇಬರು ನನಗ ಎರಡು ರೊಟ್ಟಿ ಕೊಟ್ಟಿದ್ದರು" ಎಂದು ಜನರಿಗೆ ತೋರಿಸಿದರು. ಮಧ್ಯಾಹ್ನ ದಾಟುವ ಹೊತ್ತಿಗೆ ಕೂಗು ಕೋಟೆಯ ಗೋಡೆ ಮುಟ್ಟಿತು. ಹತ್ತೊಂಬತ್ತು. ಇಪ್ಪತ್ತು. ಅಲ್ಲಿಗೆ ನಿಂತಿತು.

ಆ ತಿಂಗಳು ರೆಹನಾ ಆ ಮರದ ಲೆಕ್ಕವನ್ನು ತಕ್ಕಡಿಯ ಒಳಗೇ ಕೂರಿಸಿದಳು. ಒಂದೇ ತಪ್ಪು ಹಂಚಿಕೊಂಡ ಮೂಲಗಳೆಲ್ಲ ತಾವಾಗಿ ಒಂದಾದವು. ನಾಡಿನಾದ್ಯಂತ ಹನ್ನೊಂದು ಸಾವಿರ ಸಂಗತಿಗಳು ತೊಂಬತ್ತೈದರಿಂದ ಕೆಳಗೆ ಬಿದ್ದವು. ಅಧಿಕಾರಿಗಳು ಕೊಡೆ ಹಿಡಿದು ಹೊಲ, ಕೆರೆ, ಆಸ್ಪತ್ರೆಗಳಿಗೆ ಕಣ್ಣಿಂದ ನೋಡಲು ಹೊರಟರು. ಭುವನೇಶ್ವರಿಯವರ ಯೋಗ್ಯತೆ ಮಾತ್ರ ಸೊನ್ನೆಯಲ್ಲೇ ಉಳಿಯಿತು. ಕಾಯಿದೆ ಕಾಯಿದೆಯೇ.

ಸಿಪ್ಪಿ ತೇಲಿದ ದಿನದ ಸಂಜೆ ಅವರು ತಮ್ಮ ಪುಟ ತೆರೆದರು. ನೆತ್ತಿಯ ಮೇಲೆ ಕೆಂಪು ಅಕ್ಷರದಲ್ಲಿ ‘ನಂಬಲು ಯೋಗ್ಯವಲ್ಲ’ ಎಂದಿತ್ತು. ಅದನ್ನು ಓದಿ ಒಂದು ನಿಟ್ಟುಸಿರು ಬಿಟ್ಟು ಕೆಳಗೆ ಬರೆದರು: ‘ಇವತ್ತು ಸಿಕ್ಕಿದ್ದು, ಇಪ್ಪತ್ತು ಬಾವಿ. ನಂಬಬೇಡಿ. ಬಂದು ಎಣಿಸಿ.’

ಜನ ಬಂದರು. ಮೊದಲ ಭಾನುವಾರ ನೂರು, ಮರು ಭಾನುವಾರ ಸಾವಿರ. ಮಕ್ಕಳನ್ನು ಕಟ್ಟಿಕೊಂಡು, ಬುತ್ತಿ ಕಟ್ಟಿಕೊಂಡು, ಹತ್ತನೆಯ ಕಟ್ಟೆಯ ಮೇಲೆ ಉಂಡು ಮುಂದೆ ಹೋದರು. ಮಂಗಳೂರಿನ ಆ ಓದುಗನೂ ಬಂದಿದ್ದ, ತಲೆ ನರೆತಿತ್ತು. ಎಣಿಸಿ ಸುಸ್ತಾಗಿ ಹುಸೇನಬಿಯ ಅಂಗಡಿಗೆ ಬಂದಾಗ ಅವನು ಹತ್ತೊಂಬತ್ತು ಎಂದ, ಪಕ್ಕದವನು ಇಪ್ಪತ್ತು ಎಂದ, ಮೂಲೆಯಲ್ಲಿದ್ದವನು ಗಟ್ಟಿಯಾಗಿ ಇಪ್ಪತ್ತೊಂದೇ ಎಂದ. ಯಾರೂ ಫೋನ್ ಎತ್ತಲಿಲ್ಲ. ದನಿ ಏರಿತು, ಬೆಂಚು ಸರಿಯಿತು, ಒಬ್ಬರ ಮೇಲೊಬ್ಬರು ಕೈ ಬೀಸಿ ಮಾತಾಡತೊಡಗಿದರು.

ಒಳಗಿನ ಬೆಂಚಿನ ಮೇಲೆ ಕೂತಿದ್ದ ಭುವನೇಶ್ವರಿಯವರಿಗೆ ಕಣ್ಣು ತುಂಬಿ ಬಂತು. ಎಷ್ಟು ವರ್ಷವಾಗಿತ್ತು ಇದನ್ನು ಕೇಳಿ.

ಹುಸೇನಬಿ ಮೂವರ ಮುಂದೆಯೂ ಚಹಾ ಇಟ್ಟಳು. "ಕುಡೀರಿ" ಎಂದಳು. "ಕುಡದು, ಇನ್ನೊಮ್ಮೆ ಎಣಿಸಿ ಬರ್ರಿ."